ಹದಿನೇಳನೇ ಸಾಲಿನ ಮಾವ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಅಕ್ಕನ ಮದುವೆಗೆ ಹುಳಿ ಹಿಂಡಿದವನು ನಾನೇ. ಕೊಟ್ಟೂರಿನಲ್ಲಿ ಲಗ್ನಪತ್ರಿಕೆಯ ಅಂಗಡಿಗಳಿಗೇನು ಬರವಿಲ್ಲ. ಆದರೂ ಕಂಪ್ಯೂಟರ್ ಕಲಿತ ಮಗ ಮನೆಯಲ್ಲೇ ಇದ್ದಾನಲ್ಲ ಎಂದು ಅಪ್ಪ ಒಕ್ಕಣೆಯನ್ನು ನನ್ನ ಕೈಲೇ ಟೈಪ್ ಮಾಡಿಸಿದರು. ನಾನೋ, ಪ್ರೋಗ್ರಾಂ ಬರೆಯುವವರ ಎಡಿಟರ್ ತೆರೆದೆ. ಅದರಲ್ಲಿ ಪ್ರತಿ ಸಾಲಿನ ಎಡಕ್ಕೂ ಒಂದು ನಂಬರು; ಕೆಳಗೆ, ಕರ್ಸರ್ ಎಷ್ಟನೇ ಸಾಲು, ಎಷ್ಟನೇ ಕಾಲಂನಲ್ಲಿ ನಿಂತಿದೆಯೆಂಬ ವರದಿ. ಆ ಗತ್ತಿಗೆ ಮರುಳಾಗಿ, ಪರದೆಯ ಫೋಟೊ ತೆಗೆದು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದೆ.

ನಮ್ಮ ಕಡೆ ಪತ್ರಿಕೆಯಲ್ಲಿ ವರನ ಹೆಸರು ತಪ್ಪಾದರೂ ಕ್ಷಮೆಯುಂಟು. ಸುಖಾಗಮನ ಬಯಸುವವರ ಪಟ್ಟಿ ಹಿಂದುಮುಂದಾದರೆ ಇಲ್ಲ. ಅರ್ಧ ಗಂಟೆಯಲ್ಲಿ ಹಡಗಲಿಯ ಸೋದರಮಾವನ ಫೋನು.

"ಲೇ, ಹರಪನಹಳ್ಳಿ ನಿಮ್ಮ ಕಾಕಾ ಹದಿನೈದು, ನಾನು ಹದಿನೇಳಾ?"

"ಅದು ಸಾಲಿನ ನಂಬರ್ರಿ ಮಾವ, ಮನುಷ್ಯಾರದಲ್ಲ."

"ಹಂಗಾರ ಹದಿನಾರು ಯಾರು?"

"ಅದು ಖಾಲಿ ಸಾಲ್ರಿ."

"ಖಾಲಿ ಇರೋದೂ ನನಗಿಂತ ಮುಂದ ಐತಲ್ಲಲೇ! ನಾ ಮದುವಿಗೆ ಬರಂಗಿಲ್ಲ."

ಮದುಮಗಳನ್ನು ಮಂಟಪಕ್ಕೆ ಕರೆತರಬೇಕಾದವರೇ ಸೋದರಮಾವ. ಅಕ್ಕ ನನ್ನ ಜೊತೆ ಮಾತು ಬಿಟ್ಟಳು.

ಶಾಸನ ಓದುವ ಪಂಡಿತರೂ ಸಾಲುಗಳಿಗೆ ನಂಬರು ಹಾಕುತ್ತಾರೆ. ಅವರ ಪುಣ್ಯ, ಆ ರಾಜರೆಲ್ಲ ತೀರಿಕೊಂಡಿದ್ದಾರೆ. ಒಬ್ಬರ ಹತ್ತಿರವೂ ಮೊಬೈಲಿಲ್ಲ.

ಸಮಾಧಾನಕ್ಕೆಂದು ಗುಂಪಿನಲ್ಲಿ ಬರೆದೆ: ಸಾಲು ಬಿಡಿ, ಕಾಲಂ ನೋಡಿ, ಎಲ್ಲರ ಹೆಸರೂ ಶುರುವಾಗುವುದು ಒಂದನೇ ಕಾಲಂನಲ್ಲೇ. ಎಲ್ಲರೂ ಒಂದೇ ಆದರೆ ಹಿರಿತನಕ್ಕೆ ಬೆಲೆಯೇನೆಂದು ಕಾಕಾನೂ ಮುನಿಸಿಕೊಂಡರು. ಗುಡೇಕೋಟೆಯ ದೊಡ್ಡಪ್ಪ ಒಂದನೇ ಸಾಲನ್ನೇ ಕೇಳಿದರು. ಅದು ದೇವರದು ಎಂದೆ. ಹಾಗಾದರೆ ತಮಗೆ ಸೊನ್ನೆ ಹಾಕು ಎಂದರು!

ಕೊನೆಗೆ ಉಳಿದದ್ದು ನನ್ನ ಇನ್ನೊಂದು ವಿದ್ಯೆ, ಬೇರೆಯವರ ದನಿಯ ಅಣಕ. ಬೇರೊಂದು ನಂಬರಿನಿಂದ ಮಾವನಿಗೆ ಫೋನು ಹಚ್ಚಿ, ಅವರ ತಾಯಿಯ, ಅಂದರೆ ನನ್ನ ಅಜ್ಜಿಯ ದನಿಯಲ್ಲಿ, "ಸುಮ್ನ ಮದುವಿಗೆ ಹೋಗಪ್ಪಾ" ಎಂದು ನಡುಗಿಸಿ ನಡುಗಿಸಿ ಹೇಳಿದೆ. ಅಜ್ಜಿ, ಸ್ಪೀಕರ್ ಹಾಕಿದ್ದ ಮಾವನ ಪಕ್ಕದಲ್ಲೇ ಮಲ್ಲಿಗೆ ಕಟ್ಟುತ್ತ ಕೂತಿದ್ದಳು.

"ನಾ ಇಲ್ಲೇ ಅದೀನಲ್ಲೋ, ಅಲ್ಲಿ ಮಾತಾಡಾಕಿ ಯಾರು?" ಎಂದ ಅವಳ ಅಸಲಿ ದನಿ ಕೇಳಿ ನಕಲಿ ದನಿ ಬಿಟ್ಟು, ನಾನೇ ಎಂದು ಒಪ್ಪಿಕೊಂಡೆ. ಅಜ್ಜಿ ಸಂಗತಿಯೇನೆಂದು ವಿಚಾರಿಸಿ, ಪಟ್ಟಿಯನ್ನು ಮೊದಲಿಂದ ಕೊನೆತನಕ ಮಾವನ ಬಾಯಿಂದಲೇ ಓದಿಸಿದಳು. ಆಮೇಲೆ ಮಗನಿಗೆ ಹೇಳಿದ್ದನ್ನು ಫೋನಿನಲ್ಲಿ ನಾನೂ ಕೇಳಿಸಿಕೊಂಡೆ:

"ಹಡೆದಾಕಿ ನಾನು, ಅದರಾಗ ಎಲ್ಲೂ ಇಲ್ಲ. ಆದ್ರೂ ಮದುವಿಗೆ ಉಡಾಕ ಸೀರಿ ತೆಗೆದಿಟ್ಟೀನಿ. ಹದಿನೇಳು ಸಿಕ್ಕೋನಿಗೆ ಏನಲೇ ಬ್ಯಾನಿ?"