ರಟ್ಟಿನ ಬಸ್ಸು

ಹೊಗೆಯುಗುಳದ ಬಸ್ಸಿನ ಮಾದರಿ ಮಾಡುವ ಕೆಲಸವನ್ನು ಶಾಲೆ ಎಲ್ಲ ವಿಷಯಗಳ ಶಿಕ್ಷಕರಿಗೂ ಹಂಚಿತ್ತು. ವಿಜ್ಞಾನದ ಮೇಷ್ಟ್ರು ಬ್ಯಾಟರಿ ವಿವರಿಸಿ ಕೈತೊಳೆದುಕೊಂಡರು. ಗಣಿತದವರು ಸೀಟಿನ ಲೆಕ್ಕ ಒಪ್ಪಿಸಿ ಜಾಗ ಖಾಲಿ ಮಾಡಿದರು. ಹೇಳುವವರಿಗೇನು! ಕತ್ತರಿಸಿ ಅಂಟಿಸುವುದೆಲ್ಲ ಕ್ರಾಫ್ಟ್ ಟೀಚರ್ ತಲೆ ಮೇಲೆ ಬಿತ್ತು.

ದಿನವೂ ಕಿಕ್ಕಿರಿದ ಬಸ್ಸಿನಲ್ಲಿ ಜೋತುಬಿದ್ದು ಬರುವ ಆಕೆ, ಬೆರಳಿಗೆಲ್ಲ ಗೋಂದು ಮೆತ್ತಿಕೊಂಡು ರಟ್ಟಿನ ಬಸ್ಸಿನೊಳಗೆ ಇಣುಕಿದರು. ಮಕ್ಕಳು ಮಾಡಿಟ್ಟಿದ್ದ ಗೊಂಬೆಗಳೆಲ್ಲ ಆರಾಮವಾಗಿ ಕೂತಿದ್ದವು. ಒಂದು ಮಾತ್ರ ಹೆಗಲಿಗೆ ಚೀಲ ನೇತುಹಾಕಿಕೊಂಡು, ಕಂಬಿ ಹಿಡಿದು ನಿಂತಿತ್ತು.

“ಇದ್ಯಾರೇ?” ಎಂದು ಕತ್ತರಿ ಹಿಡಿದಿದ್ದ ಹುಡುಗಿಯನ್ನು ಕೇಳಿದರು.

“ನೀವೇ ಮಿಸ್!”

“ಹಿಂದೆ ಇಷ್ಟೊಂದು ಸೀಟು ಖಾಲಿ ಇದೆಯಲ್ಲೇ, ನನ್ನ ಯಾಕೆ ನಿಲ್ಲಿಸಿದ್ರಿ?”

ಹುಡುಗಿ ಕಣ್ಣರಳಿಸಿದಳು. “ನೀವು ಕೂತಿದ್ದನ್ನ ನಾವು ಯಾವತ್ತೂ ನೋಡೇ ಇಲ್ವಲ್ಲ, ಮಿಸ್!”