ಬಜಪೆಯ ಇಳಿಜಾರಿನಲ್ಲಿ ಬಂದ್ ಮಾಡಿದ ಎಂಜಿನ್

ಇಬ್ರಾಹಿಂ, ಆವತ್ತು ಬಜಪೆಯ ಇಳಿಜಾರಿನಲ್ಲಿ ನಾನು ಎಂಜಿನ್ ಬಂದ್ ಮಾಡಿದ್ದೆ. ನೀನು ರಿಪೇರಿ ಮಾಡಿಕೊಟ್ಟ ಬ್ರೇಕಿನಲ್ಲಿ ಏನೂ ತಪ್ಪಿರಲಿಲ್ಲ. ಹದಿನಾಲ್ಕು ವರ್ಷ ಇದನ್ನು ನುಂಗಿಕೊಂಡು ಕೂತೆ.

ಅಣ್ಣನನ್ನು ದುಬೈ ವಿಮಾನಕ್ಕೆ ಬಿಟ್ಟು ಕಾರಿನಲ್ಲಿ ಬರುತ್ತಿದ್ದೆವು. ಪಕ್ಕದಲ್ಲಿ ಅಮ್ಮ ತೂಕಡಿಸುತ್ತಿದ್ದರು. ಇಳಿಜಾರಿನಲ್ಲಿ ಡೀಸೆಲ್ ದಂಡ ಯಾಕೆ ಎಂದು ಕೀ ತಿರುಗಿಸಿದೆ – ನೀನು ಬೈಯುತ್ತಿದ್ದ ಅದೇ ಚಾಳಿ. ಎಂಜಿನ್ ಓಡುತ್ತಿದ್ದರೆ ಮಾತ್ರ ಬ್ರೇಕಿಗೆ ಬಲ ಎಂದು ನೀನೇ ಹೇಳಿಕೊಟ್ಟಿದ್ದೆ. ತಿರುವಿನಲ್ಲಿ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಯಿತು. ಗಾಡಿ ಮೋರಿಯ ಕಟ್ಟೆಗೆ ಗುದ್ದಿ ಮುಂಭಾಗ ನಜ್ಜುಗುಜ್ಜಾಯಿತು. ಅಮ್ಮನ ಬಲಗೈ ಮುರಿಯಿತು.

ಬ್ರೇಕ್ ಹಿಡಿಯಲಿಲ್ಲ ಎಂದೆ ಎಲ್ಲರಿಗೂ. ಸುಳ್ಳೇನಲ್ಲವಲ್ಲ ಎಂದು ನನಗೆ ನಾನೇ – ಈಗ ನೆನೆದರೆ ನಾಚಿಕೆ. ಎರಡು ದಿನ ಹಿಂದಷ್ಟೇ ನೀನು ಆ ಬ್ರೇಕ್ ಬಿಚ್ಚಿ ಸರಿ ಮಾಡಿದ್ದೆ. ಬೇರೆ ಯಾರೂ ಮುಟ್ಟುವುದು ಬೇಡ ಎಂದು ನೀನೇ ಗಾಡಿಯನ್ನು ಶಕ್ತಿನಗರದ ನಮ್ಮ ಅಂಗಳಕ್ಕೆ ಎಳೆಸಿ ತಂದೆ.

ಆ ಎರಡು ತಿಂಗಳ ಸುಖವನ್ನೂ ಹೇಳಿಬಿಡುತ್ತೇನೆ. ಗ್ಯಾರೇಜಿನ ಕೆಲಸ ಮುಗಿಸಿ ನೀನು ಸಂಜೆ ಬರುತ್ತಿದ್ದೆ, ಮರದ ಸುತ್ತಿಗೆಯಲ್ಲಿ ಬಾನೆಟ್ ತಟ್ಟಿ ತಟ್ಟಿ ಸಮ ಮಾಡುತ್ತಿದ್ದೆ. ಗುಜರಿಯಲ್ಲಿ ಸಿಕ್ಕ ರೇಡಿಯೇಟರ್ ಬೇರೆ ಮಾಡೆಲಿನದ್ದು. ಅದನ್ನು ಕೂರಿಸಲು ಭಾನುವಾರವಿಡೀ ಒದ್ದಾಡಿ, ಕೊನೆಗೆ ಅಪ್ಪನ ಬಲೆಯ ಹಗ್ಗದಲ್ಲಿ ಕಟ್ಟಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಅಮ್ಮ ಎಡಗೈಯಲ್ಲೇ ಬಂಗುಡೆ ಹುರಿದು ನಿನಗೆ ಬಡಿಸುತ್ತಿದ್ದರು. ಅವರ ಪ್ಲಾಸ್ಟರ್ ಕಂಡು ನೀನು ತಲೆ ತಗ್ಗಿಸುತ್ತಿದ್ದೆ. ನಾನು ಮೀನಿನ ಮುಳ್ಳು ಬಿಡಿಸುತ್ತಾ ಕೂತಿರುತ್ತಿದ್ದೆ.

ನಾಲ್ಕು ಸಲ ನೀನು ಚಕ್ರ ಬಿಚ್ಚಿ ನೋಡಿದೆ. ಕೊನೆಯ ಸಲ ಕೇಳಿದೆ, "ಇಳಿಯುವಾಗ ಗಾಡಿ ಸ್ಟಾರ್ಟಿನಲ್ಲೇ ಇತ್ತಲ್ಲ ಮಾರಾಯ?"

"ಇತ್ತು" ಎಂದೆ.

"ತಪ್ಪು ಸಿಕ್ಕಿದ್ರೆ ಸರಿ ಮಾಡ್ಬಹುದಿತ್ತು. ಎಂತದೂ ಕಾಣುವುದಿಲ್ಲ. ಇನ್ನು ಈ ಕೈಯನ್ನು ಹೇಗೆ ನಂಬುವುದು?"

ಗಾಡಿ ಕಪ್ಪು ಹೊಗೆ ಉಗುಳಿ ಸ್ಟಾರ್ಟ್ ಆದ ದಿನ ನೆರೆಕರೆಯವರೆಲ್ಲ ಚಪ್ಪಾಳೆ ತಟ್ಟಿದರು. ನೀನು ಕೈ ತೊಳೆದು, ಸ್ಪ್ಯಾನರ್ ಪೆಟ್ಟಿಗೆಯನ್ನು ನಮ್ಮ ಜಗಲಿಯಲ್ಲೇ ಬಿಟ್ಟು ಹೋದೆ. ಆಮೇಲೆ ಹಂಪನಕಟ್ಟೆಯಲ್ಲಿ ಮಾವನ ಬಟ್ಟೆ ಅಂಗಡಿ ಸೇರಿದೆ. ಸದ್ದು ಕೇಳಿಯೇ ಎಂಜಿನ್ನಿನ ಕಾಯಿಲೆ ಹೇಳುತ್ತಿದ್ದವನು ಈಗ ಸೀರೆ ಮಡಚುತ್ತೀಯ. ಅಮ್ಮ ತೀರಿಕೊಂಡಾಗ ನೀನು ಬಂದು, ಅವರ ಕೈ ಮುರಿದದ್ದು ನನ್ನಿಂದ ಎಂದು ಅತ್ತುಬಿಟ್ಟೆ. ಆಗಲೂ ನಾನು –

ಪೆಟ್ಟಿಗೆ ಇನ್ನೂ ನನ್ನಲ್ಲಿದೆ. ನಾಳೆ ಅದನ್ನು ಅದೇ ಗಾಡಿಯಲ್ಲಿಟ್ಟುಕೊಂಡು ಅಂಗಡಿಗೆ ಬರುತ್ತೇನೆ. ಕ್ಷಮಿಸು ಎನ್ನುವ ಮುಖ ನನಗಿಲ್ಲ. ನೀನು ಆ ಸ್ಟಾರ್ಟಿನ ಪ್ರಶ್ನೆಯನ್ನು ಇನ್ನೊಮ್ಮೆ ಕೇಳು, ಅಷ್ಟೆ – ಮಾವನ ಎದುರೇ, ಗಿರಾಕಿಗಳ ಎದುರೇ ಕೇಳು. ಇರಲಿಲ್ಲ ಎನ್ನುತ್ತೇನೆ.