ಪಕ್ಕದ ಎರಡು ಹಲ್ಲು

ಹಲ್ಲು ಮುರಿದದ್ದು ಕೋಡುಬಳೆಯಿಂದ ಎಂದು ನನ್ನ ಗಂಡ ಎಲ್ಲರಿಗೂ ಹೇಳುತ್ತಾರೆ. ನನ್ನ ನೆನಪಿನಲ್ಲಿ ಅದು ಬಾಳೆಹಣ್ಣು. ಬಾಳೆಹಣ್ಣಿನಿಂದ ಹಲ್ಲು ಮುರಿಯುವುದಿಲ್ಲವಾದ್ದರಿಂದ ನನ್ನ ನೆನಪು ಸೋಲುತ್ತದೆ, ಅವರ ಕಥೆ ಗೆಲ್ಲುತ್ತದೆ. ಇರಲಿ. ಮೇಲಿನ ಸಾಲಿನ ಮುಂದಿನ ಹಲ್ಲು ಅದು. ಹಿಂದೆಂದೋ ಬೇರಿನ ಚಿಕಿತ್ಸೆ ಮಾಡಿಸಿಕೊಂಡು ಒಳಗೊಳಗೇ ಒಣಗಿದ್ದು ಒಂದು ದಿನ ಮುರಿಯಿತು. ಉಳಿದ ಬೇರನ್ನು ಕಿತ್ತರು, ವಸಡು ಮಾಯಿತು. ಬಾಯಿಯ ಕಂಡಿಯೂ ನೆನಪಿನ ಕಂಡಿಯೂ ಒಂದೇ ಎಂದು ಬರೆಯಲು ಇಲ್ಲಿ ಒಳ್ಳೆಯ ಜಾಗವಿದೆ. ಬರೆಯುವುದಿಲ್ಲ. ನೆನಪಿನ ಕಂಡಿಯನ್ನು ಮದುವೆಮನೆಯಲ್ಲಿ ಯಾರೂ ಬಗ್ಗಿ ನೋಡುವುದಿಲ್ಲ.

ಮದುವೆ ನನ್ನ ನಾದಿನಿಯ ಮಗಳದು, ಹತ್ತಿರದಲ್ಲೇ ಇತ್ತು. ಆ ಕಾರಣಕ್ಕೇ ನನ್ನ ಬಾಯಿ ಮನೆಮಂದಿಯ ವಿಷಯವಾಯಿತು. "ಫೋಟೊದಲ್ಲಿ ಬಾಯಿ ಮುಚ್ಕೊಂಡಿದ್ರೆ ಆಯ್ತಪ್ಪ" ಎಂದೆ. "ನೀನು? ಬಾಯಿ ಮುಚ್ಕೊಂಡು?" ಎಂದು ಗಂಡ ನಕ್ಕರು. ನಾನೂ ನಕ್ಕೆ. ಆಗಿನ್ನೂ ನಗು ಬರುತ್ತಿತ್ತು.

ವಿನೋಬನಗರದಲ್ಲಿ ನಮ್ಮ ಮನೆಯಿಂದ ನಡೆದೇ ಹೋಗುವಷ್ಟು ದೂರದಲ್ಲಿ ಒಂದು ಹಲ್ಲಿನ ಕ್ಲಿನಿಕ್ ಇದೆ. ಅಲ್ಲಿಗೆ ಹೋದದ್ದು ಏನೇನು ದಾರಿಗಳಿವೆ ಎಂದು ಕೇಳಲು. ಕೇಳಲು ಮಾತ್ರ. ಬೇರೆ ಯಾವ ನೆನಪನ್ನು ನಂಬದಿದ್ದರೂ ಇದೊಂದನ್ನು ನಂಬುತ್ತೇನೆ.

ಡಾಕ್ಟರು ಚಿಕ್ಕ ವಯಸ್ಸಿನವರು, ತುಂಬ ಮರ್ಯಾದೆಯವರು. "ಅಮ್ಮಾ, ನೀವು ಒಳಗೆ ಕೂತಿರಿ, ಬಂದೆ" ಎಂದು ಕಳಿಸಿದರು. ಕೂತೆ. ಕುರ್ಚಿ ಹಿಂದಕ್ಕೆ ಬಾಗಿ ನನ್ನನ್ನು ಮಲಗಿಸಿತು. ಗಾಜಿನ ಗೋಡೆಯಾಚೆ ಡಾಕ್ಟರು ಪ್ಲಾಸ್ಟಿಕ್ ದವಡೆಯೊಂದನ್ನು ನನ್ನ ಗಂಡನ ಕೈಗೆ ಕೊಟ್ಟು ಏನೋ ವಿವರಿಸುತ್ತಿದ್ದರು. ಇವರು ಅದನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ನೋಡಿದರು, ಅಂಗಡಿಯಲ್ಲಿ ಸೂಟ್‌ಕೇಸು ಕೊಳ್ಳುವವರ ಹಾಗೆ. ಒಂದು ಹಲ್ಲಿನ ಮೇಲೆ ಬೆರಳಿಟ್ಟು ಪ್ರಶ್ನೆ ಕೇಳಿದರು. ತಲೆಯಾಡಿಸಿದರು. ಅವರು ತಲೆಯಾಡಿಸಿದ್ದು ನನ್ನ ಬಾಯಿಗೆ ಎಂದು ನನಗೆ ಹೊಳೆಯಲಿಲ್ಲ, ಪ್ಲಾಸ್ಟಿಕ್ಕಿಗೆ ಎಂದುಕೊಂಡಿದ್ದೆ.

ಡಾಕ್ಟರು ಒಳಗೆ ಬಂದರು. "ಸ್ವಲ್ಪ ಚುರುಕ್ ಅನ್ಸುತ್ತೆ ಅಮ್ಮಾ." ಸೂಜಿ. ತಪಾಸಣೆಗೆ ಇರಬೇಕು ಎಂದುಕೊಂಡು ಬಾಯಿ ತೆರೆದೆ. ನೋಡನೋಡುತ್ತ ಮೇಲ್ದುಟಿ ದಪ್ಪವಾಗಿ ಬೇರೆ ಯಾರದೋ ತುಟಿಯ ಹಾಗಾಯಿತು. ಎರಡೂ ಕಡೆ ಹತ್ತಿ ತುರುಕಿದರು. ಆಮೇಲೆ ಅವರ ಕೈಯಲ್ಲಿ ಕಿರ್ರೆನ್ನುವ ಯಂತ್ರ.

ನಾನು ಕೇಳಿದ್ದು: "ಆಂ?"

ಕೇಳಬೇಕೆಂದಿದ್ದು: ಇದು ಯಾಕೆ?

"ಏನಿಲ್ಲ ಅಮ್ಮಾ, ಪಕ್ಕದ ಎರಡು ಹಲ್ಲನ್ನ ಸುತ್ತ ಅರೀತೀವಿ. ಅವಕ್ಕೆ ಕ್ಯಾಪ್ ಹಾಕಿ, ನಡುವೆ ಹೊಸಾ ಹಲ್ಲು ಕೂರ್ಸೋದು. ಬ್ರಿಡ್ಜ್ ಅಂತ. ಸರ್‌ಗೆ ಎಲ್ಲಾ ಹೇಳಿದೀನಿ."

ನಾನು ಹೇಳಿದ್ದು: "ಆ! ಆ!"

ಹೇಳಬೇಕೆಂದಿದ್ದು: ಅವೆರಡೂ ಗಟ್ಟಿಮುಟ್ಟಾಗಿವೆ. ಹೋದದ್ದು ನಡುವಿನದು. ಅವು ಮಾಡಿದ ತಪ್ಪೇನು?

"ಇಲ್ಲ ಇಲ್ಲ, ನೋವಾಗಲ್ಲ ಅಮ್ಮಾ."

ನಾನು ಅವರ ಮಣಿಕಟ್ಟು ಹಿಡಿದೆ. ಬಾಯಿಯೊಳಗೆ ನೀರು ಎಳೆಯುವ ನಳಿಕೆ ಸುರ್ರೆನ್ನುತ್ತಲೇ ಇತ್ತು. ಎದ್ದು ಕೂತೆ. ಹತ್ತಿ ಉಗಿದೆ.

ಆಗ ಡಾಕ್ಟರು, ಮುಖ ಸಣ್ಣ ಮಾಡಿಕೊಂಡು, ಮೂರೂ ದಾರಿಗಳನ್ನು ಒಂದೇ ಉಸಿರಿಗೆ ನನಗೆ ಹೇಳಿದರು. ಒಂದು, ಈ ಬ್ರಿಡ್ಜ್: ಬೇಗ ಮುಗಿಯುತ್ತದೆ, ಗಟ್ಟಿ, ಆದರೆ ಪಕ್ಕದವನ್ನು ಅರೆಯಬೇಕು. ಎರಡು, ಇಂಪ್ಲಾಂಟ್: ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು, ಆದರೆ ನನಗೆ ಸಕ್ಕರೆ ಕಾಯಿಲೆ, ಮೂಳೆಯೂ ಸವೆದಿದೆ, ಅದನ್ನು ಮೊದಲು ತುಂಬಬೇಕು, ತಿಂಗಳುಗಟ್ಟಲೆ ಕಾಯಬೇಕು. ಮೂರು, ಬೇಕಾದಾಗ ಹಾಕಿ ತೆಗೆಯುವ ಹಲ್ಲು: ಅಂಗುಳಕ್ಕೆ ಅಂಟಿ ಕೂರುವ ತಟ್ಟೆಗೆ ಒಂದು ಹಲ್ಲು. ಇಷ್ಟೇ. ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಇದನ್ನು ಮೊದಲೇ ನನಗೆ ಹೇಳಲು ಏನು ಕಷ್ಟವಿತ್ತು? ನಾನು ಗಾಜಿನ ಈಚೆ ಮಲಗಿದ್ದೆ, ಅಷ್ಟೇ. ಮಲಗಿದವರನ್ನು ಯಾರೂ ಕೇಳುವುದಿಲ್ಲ.

"ಡಾಕ್ಟ್ರ ಮುಂದೆ ಇದೇನು?" ಎಂದರು ಗಂಡ, ಹೊರಗೆ ಬಂದ ಮೇಲೆ. "ಮದುವೆಗೆ ಮುಂಚೆ ಮುಗಿಯುತ್ತೆ ಅಂತ ಹ್ಞೂ ಅಂದೆ. ನಿನ್ನ ಒಳ್ಳೇದಕ್ಕೇ ಅಲ್ವೇನೇ?"

ಒಳ್ಳೆಯದಕ್ಕೇ. ಅದು ನನಗೆ ಗೊತ್ತು, ಸಿಟ್ಟು ಬಂದದ್ದೂ ಅದಕ್ಕೇ. ಕೆಟ್ಟದ್ದಕ್ಕೆ ಮಾಡಿದ್ದರೆ ಜಗಳಕ್ಕೊಂದು ಹಿಡಿ ಇರುತ್ತಿತ್ತು. ಮನೆಗೆ ಕರ್ಟನ್ ಬಟ್ಟೆ ಆರಿಸುವಾಗ ಅಂಗಡಿಯಿಂದ ನನಗೆ ನಾಲ್ಕು ಸಲ ಫೋನ್ ಮಾಡುವ ಮನುಷ್ಯ ಇವರು. ಆ ಎರಡು ಹಲ್ಲುಗಳಾದರೋ ಇವರಿಗಿಂತ ಹಳೆಯ ಪರಿಚಯ. ಎರಡನೇ ಕ್ಲಾಸಿನಿಂದ ನನ್ನ ಜೊತೆಗಿವೆ.

ನಾನು ಮನೆಗೆ ಹೋಗಲಿಲ್ಲ. ಭದ್ರಾವತಿಯ ಬಸ್ಸು ಹತ್ತಿದೆ. ಅಲ್ಲಿ ಅಕ್ಕ ಇದ್ದಾಳೆ. ಅವಳ ಬಾಯಲ್ಲಿರುವುದು ಪೂರಾ ಕಟ್ಟಿಸಿದ ಹಲ್ಲು. ಕಿಟಕಿಯ ಪಕ್ಕ ಕೂತೆ ಎಂದು ಬರೆದು ಹೊಡೆದುಹಾಕಿದೆ. ಸಿಟ್ಟಿನಲ್ಲಿ ಹೊರಟವರು ಕಥೆಗಳಲ್ಲಿ ಯಾವಾಗಲೂ ಕಿಟಕಿಯ ಪಕ್ಕವೇ ಕೂರುತ್ತಾರೆ. ಬಹುಶಃ ನಿಂತೇ ಹೋಗಿದ್ದೆ. ಮಲವಗೊಪ್ಪ ದಾಟುವಾಗ ತುಟಿಗೆ ಜುಮುಜುಮು ಜೀವ ಬಂದದ್ದಂತೂ ನಿಜ.

"ಏನೇ ಇದು, ಬಾಯಿ ಸೊಟ್ಟಗಿದೆ? ಲಕ್ವ ಹೊಡೀತೇನೇ?" ಎಂದಳು ಅಕ್ಕ, ಬಾಗಿಲಲ್ಲೇ.

"ಹಲ್ಲಿನ ಡಾಕ್ಟ್ರು."

"ಅಷ್ಟೇನಾ! ಬಾ. ಬಿಸಿ ಕಾಫಿ ಕೊಡಲ್ಲ, ತುಟಿ ಸುಟ್ಕೋತೀಯ."

ನಡೆದದ್ದನ್ನೆಲ್ಲ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

"ನಂದು ಕೆಟ್ಟಿದ್ದು ಕೆಳಗಿಂದು ನಾಲ್ಕೋ ಐದೋ ಕಣೇ. ನಿನ್ನ ಭಾವ ಆಗ ಕಾರ್ಖಾನೇಲಿದ್ರಲ್ಲ. 'ಪದೇಪದೇ ರಜ ಹಾಕಕ್ಕಾಗಲ್ಲ ಡಾಕ್ಟ್ರೇ, ಎಲ್ಲಾ ಒಂದೇ ಸಲ ತೆಗೆದು ಸೆಟ್ ಹಾಕ್ಬಿಡಿ' ಅಂದ್ರು. ತೆಗೆದ್ರು."

"ಚೆನ್ನಾಗಿದ್ದಿದ್ದನ್ನೂ?"

"ಎಲ್ಲಾನೂ."

"ನೀನೇನಂದೆ?"

"ಏನನ್ಲಿ? ಬಾಯಲ್ಲಿ ಹತ್ತಿ ಇತ್ತು."

ಒಳಗಿನ ಕೋಣೆಯಿಂದ, ಟಿವಿಯ ಸದ್ದಿನ ಮೇಲೆ, ಭಾವ ಕೂಗಿದರು: "ಚೆನ್ನಾಗೇ ಇದೆಯಲ್ಲೇ ಸೆಟ್ಟು! ಇನ್ನೂ ಬಾಳಿಕೆ ಬರ್ತಿದೆ!"

ಈ ಹತ್ತಿ ನನಗೆ ಅನುಮಾನ. ಇಷ್ಟು ಅಚ್ಚುಕಟ್ಟಾಗಿ ಹೊಂದುವುದು ನನ್ನ ಬಾಯಿಯ ಹತ್ತಿಯನ್ನು ನಾನೇ ಅವಳ ಮಾತಿನೊಳಗೆ ತುರುಕಿದ್ದಕ್ಕೆ ಇರಬಹುದೇ? ಇದನ್ನು ಬರೆಯುವ ಮೊದಲು ಫೋನ್ ಮಾಡಿ ಕೇಳಿದೆ. "ಹತ್ತಿನೋ ಬಟ್ಟೆನೋ, ಏನೋ ಇತ್ತು ಮಾರಾಯ್ತಿ. ಇಲ್ದಿದ್ರೂ ನಾನೇನು ಮಾತಾಡ್ತಿದ್ನಾ?" ಎಂದಳು. ಹೀಗಾಗಿ ಹತ್ತಿ ಉಳಿಯಲಿ.

ಅವಳ ಅತ್ತೆಯ ಕಾಲದಲ್ಲಿ ಇನ್ನೊಂದು ಕಾಟ ಇತ್ತು. ಕಟ್ಟಿಸಿದ ಹಲ್ಲು ಎಂಜಲಿನ ವಸ್ತು. ಶ್ರಾದ್ಧದ ದಿನ ಮಡಿ ಅಡುಗೆಗೆ ಅದನ್ನು ತೆಗೆದಿಟ್ಟೇ ಒಲೆಯ ಮುಂದೆ ಹೋಗಬೇಕು. ಬಡಿಸುವಾಗಲೂ ಹಾಕುವಂತಿಲ್ಲ. ಕೆನ್ನೆ ಒಳಗೆ ಹೋದ ಮುಖದಲ್ಲಿ ಅಕ್ಕ ಪಂಕ್ತಿಯುದ್ದಕ್ಕೂ ವಡೆ ಬಡಿಸುವುದನ್ನು ನಾನೇ ನೋಡಿದ್ದೇನೆ. ಅವಳ ಹಲ್ಲು ಕೀಳಿಸಿದವರೂ ಎಂಜಲು ಎಂದವರೂ ಆ ವಡೆಯನ್ನು ಕಟಕಟನೆ ಕಡಿದು ತಿಂದರು. ಅಂದು ಎಲೆಯ ಮುಂದೆ ಕೂತಿದ್ದ ಒಬ್ಬರಿಗೂ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲವಲ್ಲ ಎಂದು ಈಗಲೂ ಮೈ ಉರಿಯುತ್ತದೆ.

"ನೀನಾದ್ರೆ ಏನು ಮಾಡಿಸ್ತೀಯ ಅಕ್ಕಾ?"

ಅವಳು ಸೆಟ್ಟನ್ನು ಬಾಯಿಂದ ತೆಗೆದು, ನೀರಲ್ಲಿ ಅದ್ದಿ, ಅಂಗೈಯಲ್ಲಿ ಹಿಡಿದು ತೋರಿಸಿ, ಮತ್ತೆ ಹಾಕಿಕೊಂಡು ಹೇಳಿದಳು: "ಇದು ರಗಳೆನೇ. ಮೊದಮೊದಲು ಬಾಯಲ್ಲಿ ಚಪ್ಪಲಿ ಇಟ್ಕೊಂಡ ಹಾಗಿರುತ್ತೆ. ಆದ್ರೆ ನಿಂಗೆ ಬೇಕಾಗಿರೋದು ಒಂದು. ಪಕ್ಕದ್ದು ಉಳಿಯುತ್ತೆ. ನಾಳೆ ಮನಸ್ಸು ಬದಲಾದ್ರೆ ಬೇರೆ ಮಾಡಿಸ್ಕೋಬಹುದು. ಅರೆದ ಹಲ್ಲು ಮತ್ತೆ ಬೆಳೆಯುತ್ತೇನೇ?" ದನಿ ಇಳಿಸಿದಳು: "ಇನ್ನೊಂದು ಉಪಯೋಗ ಇದೆ. ನಿನ್ನ ಭಾವ ಜಗಳ ತೆಗೆದ್ರೆ ನಾನು ಹಲ್ಲು ತೆಗೆದಿಡ್ತೀನಿ. ಉತ್ರ ಕೊಡೋ ಕೆಲ್ಸ ಇಲ್ಲ."

"ಕೇಳಿಸ್ತು" ಎಂದರು ಭಾವ.

ಮತ್ತೆ ಕ್ಲಿನಿಕ್ಕಿಗೆ ಹೋದಾಗ ಗಂಡನೂ ಬಂದರು. ಡಾಕ್ಟರು ಇವರ ಕಡೆಗೇ ತಿರುಗಿ "ಸರ್, ಏನು ಡಿಸೈಡ್ ಮಾಡಿದ್ರಿ?" ಎಂದರು. ಸಿಟ್ಟು ಮತ್ತೆ ಮೊದಲಿನಿಂದ ಶುರುವಾಯಿತು. ನಾನು ಕುರ್ಚಿಗೆ ಹೋಗಲಿಲ್ಲ. ನಿಂತೇ ಹೇಳಿದೆ: "ಹಾಕಿ ತೆಗೆಯೋದು. ಒಂದೇ ಹಲ್ಲು. ಪಕ್ಕದ್ದನ್ನ ಅರೆಯೋ ಹಾಗಿಲ್ಲ. ಇಂಪ್ಲಾಂಟ್ ಬೇಕೋ ಬೇಡ್ವೋ ಆಮೇಲೆ ನಾನೇ ಬಂದು ಹೇಳ್ತೀನಿ."

"ಮದುವೇಲಿ ಬಿದ್ದುಗಿದ್ದು ಹೋದ್ರೆ?" ಎಂದರು ಗಂಡ.

"ಬಿದ್ರೆ ನನ್ನ ಹಲ್ಲು ಬೀಳುತ್ತೆ. ನಿಮ್ಮ ತಂಗಿ ಮಗಳ ತಾಳಿ ಬೀಳಲ್ವಲ್ಲ."

ಡಾಕ್ಟರು ಕೆಮ್ಮಿದರು. ಹಲ್ಲಿನ ಅಚ್ಚು ತೆಗೆಯುವ ಗುಲಾಬಿ ಬಣ್ಣದ ಹಿಟ್ಟು ಕಲಸಲು ಸಹಾಯಕಿಗೆ ಹೇಳಿದರು. ಬಾಯಿ ತೆರೆಯುವ ಮೊದಲು ನಾನು ಕನ್ನಡಿ ಕೇಳಿದೆ. ಅದರ ಜೊತೆ ಹಲ್ಲಿನ ಬಣ್ಣದ ಮಾದರಿಗಳನ್ನು ಪೋಣಿಸಿದ ಪಟ್ಟಿಯೂ ಬಂತು. ಒಂದೊಂದನ್ನೇ ತುಟಿಯ ಹತ್ತಿರ ಹಿಡಿದು ನೋಡಿದೆ. ಗಂಡ ನನ್ನ ಹಿಂದೆ ನಿಂತು, ತಡೆಯಲಾರದೆ, ತುದಿಯಲ್ಲಿದ್ದ ಅಚ್ಚ ಬಿಳಿಯದನ್ನು ತೋರಿಸಿದರು.

"ಹೆಂಗೂ ಹೊಸದು ಹಾಕಿಸ್ತಿದೀಯ. ಬೆಳ್ಳಗಿರೋದು ತಗೋಬಾರ್ದೇನೇ?"

ಕಾಫಿ ಕುಡಿದು ಕುಡಿದು ಹಳದಿಗಟ್ಟಿದಂತಿದ್ದ ಒಂದನ್ನು ನಾನು ಆರಿಸಿ ಡಾಕ್ಟರ ಕೈಗೆ ಕೊಟ್ಟೆ.

"ಪಕ್ಕದವು ಇದೇ ಬಣ್ಣ ಇವೆ" ಎಂದೆ.